ಬೀರಪ್ಪನ ಹೊಟ್ಟೆಯ ಗುಂಡು

ತುರುವನೂರಿನ ಕುರಿಗಾರರೆಲ್ಲರ ಎದುರಿಗೆ ಬೀರಪ್ಪ ಬೆರಳ ತುದಿಯಷ್ಟು ದಪ್ಪದ ಗುಂಡೊಂದನ್ನು ನುಂಗಿ ನಿಂತದ್ದು ಎಪ್ಪತ್ತೊಂದನೆಯ ಇಸವಿಯ ಮಾತು. ಸೊರಗಿ ಸಾಯುತ್ತಿದ್ದ ಕುರಿಗಳಿಗೆಂದು ದನದ ಡಾಕ್ಟರು ತಂದಿದ್ದ ಔಷಧವದು. ಭಾರಕ್ಕೆ ಹೊಟ್ಟೆಯ ತಳದಲ್ಲೇ ಕುಳಿತು, ವರ್ಷಗಟ್ಟಲೆ ಇಷ್ಟಿಷ್ಟೇ ಕರಗಿ ಕುರಿಯನ್ನು ಕಾಯುತ್ತದೆಂದು ಅವರು ಎಷ್ಟು ಹೇಳಿದರೂ ಒಬ್ಬನೂ ತನ್ನ ಕುರಿಯ ಬಾಯಿ ತೆರೆಸಲಿಲ್ಲ. ಕೊನೆಗೆ ಬೀರಪ್ಪ ತಾನೇ ನುಂಗಿ ತೋರಿಸಿದ. ಅವನು ಸಾಯಲಿಲ್ಲ, ಊರಿನ ಮಂದೆಗಳು ಉಳಿದುಕೊಂಡವು.

ಅಂದಿನಿಂದ ಅದೊಂದು ರೂಢಿಯಾಯಿತು. ಮರಿಗಳಿಗೆ ಗುಂಡು ಹಾಕುವ ದಿನ ಹಿರಿಯ ಪಾಪಣ್ಣ ಬೀರಪ್ಪನ ಹೊಟ್ಟೆ ತಟ್ಟಿ, “ಏನಪ್ಪ, ಒಳಗೈತೋ?” ಎಂದು ಕೇಳಬೇಕು. “ಐತೆ” ಎಂದರೆ ಮಾತ್ರ ಮರಿಗಳ ಸರದಿ.

ಈಗ ಬೀರಪ್ಪನೇ ಸೊರಗಿದ್ದ. ಹೊಟ್ಟೆಯಲ್ಲಿ ತಡೆಯಲಾರದ ಉರಿ. ಅರ್ಧ ಮುದ್ದೆಯ ಮೇಲೆ ತುತ್ತು ಎತ್ತನು. ಕೈ ಸದಾ ಹೊಟ್ಟೆಯ ಮೇಲೆ. ಗುಂಡು ಇಳಿದುಹೋಗಲೆಂದು ಹೆಂಡತಿ ಗಂಗಕ್ಕ ಹರಳೆಣ್ಣೆ ಕುಡಿಸಹೋದರೆ ಬಟ್ಟಲನ್ನೇ ಮಗುಚಿದ. ಅಲುಗಿದರೆ ಕರುಳು ಹರಿದೀತೆಂಬ ಭಯವೆಂದು ಅವಳು ತಿಳಿದಳು.

ಮರಿಗಳ ದಿನ ನಾಡಿದ್ದು ಎನ್ನುವಾಗ ಅವನನ್ನು ಬಲವಂತವಾಗಿ ಚಿತ್ರದುರ್ಗದ ಆಸ್ಪತ್ರೆಗೆ ಕರೆತಂದಳು. ಎಳೆಯ ಡಾಕ್ಟರಿಗೆ ನುಂಗಿದ ಕಥೆ ಹೇಳುವಾಗ ಬೀರಪ್ಪನ ಎದೆ ಉಬ್ಬಿತ್ತು. ಗುಂಡು ಕಂಡರೆ ಕೊಯ್ದು ತೆಗೆಯಬೇಕಾದೀತು, ಮೊದಲು ಎಕ್ಸ್‌ರೇ ಆಗಲಿ ಎಂದರು ಅವರು. ಬೀರಪ್ಪ ಬಾಗಿಲ ಚೌಕಟ್ಟು ಹಿಡಿದು ನಿಂತುಬಿಟ್ಟ.

“ಲೇ, ಮನೆಗೆ ಹೋಗಾಣ.”

“ನುಂಗುವಾಗ ಇಲ್ಲದ ಪುಕ್ಕಲು ಈಗ್ಯಾಕೆ ಬಂತೋ?” ಎಂದು ಚುಚ್ಚಿ, ಗಂಗಕ್ಕ ಅವನನ್ನು ಒಳಕ್ಕೆ ತಳ್ಳಿದಳು.

ಡಾಕ್ಟರು ಫಿಲ್ಮನ್ನು ಕಿಟಕಿಯ ಬೆಳಕಿಗೆ ಹಿಡಿದರು.

“ಏನೂ ಇಲ್ಲ ಅಜ್ಜ. ಕುರಿ ಹೊಟ್ಟೆಯಲ್ಲಿ ನಿಲ್ಲೋದು ಮನುಷ್ಯರ ಹೊಟ್ಟೆಯಲ್ಲಿ ನಿಲ್ಲೋದಿಲ್ಲ. ನುಂಗಿದ ಒಂದೆರಡು ದಿನದಲ್ಲೇ ಹೊರಗೆ ಹೋಗಿರ್ತೈತೆ. ನಿಮ್ಮ ಉರಿ ಅರೆಹೊಟ್ಟೆಯದು.”

ಗಂಗಕ್ಕ ಕೈಮುಗಿದು ಅತ್ತಳು. ಬೀರಪ್ಪ ಬೆಂಚಿನ ಮೇಲೆ ಕುಸಿದ. ಹೊಟ್ಟೆಯ ಮೇಲಿದ್ದ ಕೈ ಜಾರಿ ಬಿತ್ತು.

“ಅದು ಜಾರಿಹೋಗಬಾರದು ಅಂತಲೇ ಇಷ್ಟು ವರ್ಷ ಅರೆಹೊಟ್ಟೆ ಉಂಡೆ” ಎಂದ. “ನಾಡಿದ್ದು ಪಾಪಣ್ಣ ಹೊಟ್ಟೆ ತಟ್ಟಿದರೆ ಏನನ್ಲಿ? ಯಾರು ಮರಿ ಬಾಯಿ ತೆರೆಸ್ತಾರೆ?”

ಡಾಕ್ಟರು ಫಿಲ್ಮನ್ನು ಮೇಜಿನ ಖಾನೆಗೆ ಹಾಕಿ ಬೀಗ ತಿರುಗಿಸಿ, ಅವನ ಎದುರಿಗೆ ಕುರ್ಚಿ ಎಳೆದುಕೊಂಡರು.

“ಅಜ್ಜ, ಆ ಗುಂಡು ನುಂಗಿದ್ದು ಹೆಂಗೆ? ಇನ್ನೊಂದ್ಸಲ ಹೇಳ್ರಿ.”