ಒಂದೇ ಲೋಟದ ಎಳೆಗಳು

ಇದೊಂದನ್ನು ಪೂರ್ತಿ ಕೇಳಿಬಿಡಿ. ಭದ್ರಾವತಿಯ ಅಡುಗೆಮನೆಯಲ್ಲಿ ಸುಮನಾ ಉಪ್ಪುನೀರು ಮುಕ್ಕಳಿಸಿ ಗಾಜಿನ ಲೋಟಕ್ಕೆ ಉಗಿದಾಗ ಅಮ್ಮ ಶಂಕರಮ್ಮ ಮುಖ ಸಿಂಡರಿಸಿದರು. ಎಂಜಲು ಎಂದರೆ ಅವರಿಗೆ ಆಗದು. ಮಗಳು ಕುಡಿದ ಲೋಟವನ್ನೂ ತೊಳೆಯದೆ ಬಾಯಿಗಿಟ್ಟವರಲ್ಲ.

“ಥೂ, ಏನೇ ಮಾರಾಯ್ತಿ ಇದು?”

“ಶಿವಮೊಗ್ಗದ ಕಾಲೇಜಲ್ಲಿ ಮಾಡಿಸಿದ್ರು ಅಮ್ಮ. ಉಗುಳಲ್ಲಿ ಕೆನ್ನೆಯ ಒಳಗಿನ ಜೀವಕೋಶ ಇರುತ್ತೆ. ಅದರ ಪೊರೆ ಅಂದ್ರೆ ಜಿಡ್ಡು. ಪಾತ್ರೆ ತೊಳೆಯೋ ಸೋಪು ಅದರೊಳಗೆ ನುಗ್ಗಿ ಪೊರೆ ಬಿಚ್ಚುತ್ತೆ. ಒಳಗಿರೋ ಡಿಎನ್‌ಎ ಹೊರಗೆ ಬರುತ್ತೆ. ಹೆತ್ತೋರು ಕೊಟ್ಟಿರೋದು ಅದು.” ಸುಮನಾಳ ದನಿ ಇಳಿಯಿತು. “ಬೆಳಿಗ್ಗೆ ಸೋದರತ್ತೆ ಅಂದ್ರಲ್ಲ, ಸಾಕುಮಗಳು, ರಕ್ತ ಬೇರೆ ಅಂತ. ಆ ಬೇರೆ ಹೇಗಿರುತ್ತೆ ನೋಡ್ಬೇಕು ನಂಗೆ.”

ಶಂಕರಮ್ಮ ತಾವೂ ಉಪ್ಪುನೀರು ಮುಕ್ಕಳಿಸಿ ಅದೇ ಲೋಟಕ್ಕೆ ಉಗಿದರು. “ಈಗ ಹಾಕು ಸೋಪು.”

ಸೋಪಿನ ಹನಿ ಬಿತ್ತು. ಅದರ ಮೇಲೆ ಗಾಯ ಒರೆಸುವ ತಣ್ಣನೆಯ ಸ್ಪಿರಿಟ್ ಮೆಲ್ಲಗೆ ಇಳಿಯಿತು. ನೋಡನೋಡುತ್ತಲೇ ಡಿಎನ್‌ಎಯ ಬಿಳಿ ಎಳೆಗಳು ಮೇಲೆದ್ದು ಒಂದಕ್ಕೊಂದು ಸುತ್ತಿಕೊಂಡವು. ಇಬ್ಬರೂ ಲೋಟದ ಮೇಲೆ ಬಾಗಿದರು.

“ನಂದ್ಯಾವ್ದೇ, ನಿಂದ್ಯಾವ್ದು?”

“ಗೊತ್ತಾಗಲ್ಲಮ್ಮ.”

“ಹಾಗಿದ್ರೆ ನಿಮ್ಮತ್ತೇನ ಕರಿ. ಬಂದು ಬಿಡಿಸ್ಲಿ.”

ಆ ಎಂಜಲು ಲೋಟವನ್ನು ತೊಳೆಯಲು ಶಂಕರಮ್ಮ ಬಿಡಲೇ ಇಲ್ಲ. ನೀವಾಗಿದ್ದರೆ ತೊಳೆಯುತ್ತಿದ್ದಿರಾ?