ಎರಡು ಇಂಚಿನ ಗುಮಾನಿ

"ಎದೆ ನಲವತ್ತು!"

ದರ್ಜಿ ಮಕ್ತುಮ್ ಸಾಬರು ಟೇಪನ್ನು ಮತ್ತೊಮ್ಮೆ ಸುತ್ತಿ ನೋಡಿದರು. ನಲವತ್ತೇ. ಹೋದ ವರ್ಷದ ಅಳತೆ ಪುಸ್ತಕದಲ್ಲಿ ನಲವತ್ತೆರಡು ಅಂತ ಅವರದೇ ಕೈಬರಹ. ಹರಿಹರದ ಬೆಲ್ಲದ ವ್ಯಾಪಾರಿ ಉಜ್ಜನಪ್ಪ ಮಗಳ ಮದುವೆಗೆ ಕೋಟು ಹೊಲಿಸಲೆಂದು ಬೆಳಗಿನ ರೈಲಿಗೆ ದಾವಣಗೆರೆಗೆ ಬಂದಿದ್ದರು. ಇಪ್ಪತ್ತು ವರ್ಷದ ಗೆಳೆಯ ಹೀಗೆ ಕರಗುತ್ತಿರುವುದು ಕಂಡು ಸಾಬರು ಟೇಪನ್ನು ಕೊರಳಿಗೆ ಹಾಕಿಕೊಂಡು ವಿಚಾರಣೆಗೇ ಇಳಿದರು.

"ನೀರು ಜಾಸ್ತಿ ಕುಡೀತೀರೇನ್ರಿ?"

"ಈ ಬಿಸಿಲಿಗೆ ಕುಡೀದೆ ಇನ್ನೇನು ಮಾಡ್ಲಿ?"

"ರಾತ್ರಿ ಎದ್ದೆದ್ದು ಹೋಗ್ತೀರಾ?"

"ಮನೇಲಿ ಮದುವೆ ಐತೆ ಸಾಬ್ರೇ. ನಿದ್ದೆ ಹೆಂಗೆ ಬರುತ್ತೆ?"

ಮುಗಿಯಿತು. ಇನ್ನೇನು ಕೇಳುವುದು? ಗಾಬರಿಗೆ ಸಾಬರ ಬಾಯಿ ಒಣಗಿತು. ಗಡಿಗೆಯಿಂದ ಒಂದು ಚೊಂಬು ನೀರು ಗಟಗಟ ಕುಡಿದು, ಇನ್ನೊಂದನ್ನೂ ಖಾಲಿ ಮಾಡಿದರು.

"ಇದು ಸಕ್ಕರೆ ಕಾಯಿಲೆ ಕಣ್ರಿ. ನಮ್ಮಣ್ಣನಿಗೂ ಹಿಂಗೇ ಆಗಿತ್ತು. ದಾಹ, ಸುಸ್ತು, ಮೈ ಇಳಿಯೋದು. ಬಿಸಿಲ ಝಳ ಅಂತ ಸುಮ್ನಿದ್ವಿ, ಗೊತ್ತಾಗೋ ಹೊತ್ತಿಗೆ ಕೈ ಮೀರಿತ್ತು. ನಿಮ್ಮನ್ನೂ ಹಂಗೆ ಕಳ್ಕೊಳ್ಳೋಕೆ ನನ್ನ ಕೈಲಾಗಲ್ಲ."

"ಹಳೇ ಕೋಟಿನ ಗುಂಡಿ ಹಾಕೋಕೇ ಬರ್ತಿಲ್ಲ. ಮೈ ಇಳಿದೈತಂತೆ ನಂದು!"

"ಅಗಸ ಒಗೆದು ಕುಗ್ಗಿಸಿರ್ತಾನೆ. ಬಟ್ಟೆ ವಿಷಯ ನನಗೆ ಹೇಳಬ್ಯಾಡ್ರಿ."

ಸಾಬರಿಗೆ ಕೆಲಸದಲ್ಲಿ ಮನಸ್ಸು ನಿಲ್ಲಲಿಲ್ಲ. ಸೂಜಿಗೆ ದಾರ ಪೋಣಿಸಲು ಹೋಗಿ ಮೂರು ಸಲ ತಪ್ಪಿದರು. ಕೊನೆಗೆ ಅಂಗಡಿ ಬಾಗಿಲೆಳೆದು, ಜಾರುತ್ತಿದ್ದ ಪಾಯಿಜಾಮದ ಲಾಡಿ ಬಿಗಿದುಕೊಂಡು, ಗೆಳೆಯನನ್ನು ದರದರ ಎಳೆದು ಜಟಕಾ ಹತ್ತಿಸಿದರು.

ಡಾಕ್ಟರು ಮೂತ್ರ ಪರೀಕ್ಷೆ ಆಗಬೇಕು ಅಂದಾಗ ಉಜ್ಜನಪ್ಪ ಹಟ ಹಿಡಿದರು. "ಶೀಷೆ ಹಿಡ್ಕೊಂಡು ನಾನೊಬ್ನೇ ಯಾಕ ಹೋಗ್ಲಿ? ಸಾಬ್ರೂ ಕೊಡ್ಲಿ, ಆಮೇಲೆ ನಾನು."

"ಅದಕ್ಕೇನಂತೆ!" ಸಾಬರು ಹೋದಷ್ಟೇ ಬೇಗ ಶೀಷೆ ತುಂಬಿಸಿ ತಂದರು. ಉಜ್ಜನಪ್ಪನಿಗೆ ಮಾತ್ರ ಅರ್ಧ ಗಂಟೆ ಹಿಡಿಯಿತು.

"ನೀಲಿ ಔಷಧಿ ಹಾಕಿ ಕುದಿಸ್ತೀವಿ. ನೀಲಿಯಾಗೇ ಉಳಿದ್ರೆ ಚಿಂತೆಯಿಲ್ಲ, ಇಟ್ಟಿಗೆ ಬಣ್ಣಕ್ಕೆ ತಿರುಗಿದ್ರೆ ಸಕ್ಕರೆ" ಎಂದು ಡಾಕ್ಟರು ಹೇಳಿದರು. ಕಾಂಪೌಂಡರ್ ಒಳಗೆ ಹೋದ. ಸಾಬರು ನಲವತ್ತರ ಕಥೆಯನ್ನೆಲ್ಲ ಒದರಿದರು. ಡಾಕ್ಟರು ಏನೋ ಯೋಚಿಸಿ, ಸಾಬರ ಕೊರಳಲ್ಲಿದ್ದ ಟೇಪು ಇಸಿದುಕೊಂಡು ಮೇಜಿನ ಮರದ ಸ್ಕೇಲಿಗೆ ಹಿಡಿದರು. ಅಡಿಗೆ ಅರ್ಧ ಇಂಚಿಗೂ ಹೆಚ್ಚು ವ್ಯತ್ಯಾಸ.

"ಎಳೆದೂ ಎಳೆದೂ ಟೇಪೇ ಹಿಗ್ಗೈತಲ್ರೀ! ಅದಕ್ಕೇ ಅಳತೆ ಕಮ್ಮಿ ಬಂದೈತೆ, ಇವರು ಇದ್ದಂಗೇ ಇದ್ದಾರೆ."

ಉಜ್ಜನಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕರು. "ಊರಿಗೆಲ್ಲ ಬಿಗಿಯಾದ ಕೋಟು ಹೊಲಿದಿರೋ ಮಾರಾಯ!" ಸಾಬರು ಅವರಿಗಿಂತ ಜೋರಾಗಿ ನಕ್ಕರು. ಎದೆಯ ಭಾರ ಇಳಿದು ಕಣ್ಣಲ್ಲಿ ನೀರೇ ಬಂತು.

ಅಷ್ಟರಲ್ಲಿ ಕಾಂಪೌಂಡರ್ ಎರಡು ಗಾಜಿನ ನಳಿಗೆ ತಂದಿಟ್ಟ. ಒಂದು ನೀಲಿ. ಇನ್ನೊಂದು ಅಚ್ಚ ಇಟ್ಟಿಗೆ ಕೆಂಪು.

ನಗು ನಿಂತಿತು. ಸಾಬರು ಗೆಳೆಯನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡರು. "ಯಾ ಅಲ್ಲಾ! ಟೇಪು ಸುಳ್ಳಾದ್ರೂ ನನ್ನ ಗುಮಾನಿ ಸುಳ್ಳಾಗ್ಲಿಲ್ಲ. ಹೆದರಬ್ಯಾಡ್ರಿ ಉಜ್ಜನಪ್ನೋರೇ, ನಾನಿದೀನಿ."

"ಹೆದರೋಂಥದ್ದೇನಿಲ್ಲ, ಬೇಗನೇ ಬಂದಿದೀರಿ. ಪಥ್ಯ, ಔಷಧಿ ಮಾಡಿದ್ರೆ ಮೊಮ್ಮಕ್ಕಳ ಮದುವೇನೂ ನೋಡಬಹುದು" ಎಂದು ಡಾಕ್ಟರು ನಳಿಗೆಗಳ ಮೇಲಿನ ಚೀಟಿ ಓದಿ ತಲೆಯೆತ್ತಿದರು.

"ಕೆಂಪಗಿರೋದು ನಿಮ್ಮದು, ಸಾಬ್ರೇ."