ಒಂದೇ ಪರದೆಯಲ್ಲಿ ಅತ್ತೆ, ಸೊಸೆ, ನಾದಿನಿ

ಬೇಸಿಗೆ ಆಗತಾನೇ ಕಾಲಿಟ್ಟಿತ್ತು. ಶುಕ್ರವಾರ, ಚಹಾದ ಹೊತ್ತು. ಕಾಲುಚೀಲ ಹೆಣೆಯುವ ಕಾರ್ಖಾನೆಯ ಕಚೇರಿಯಲ್ಲಿ ಕಂಪ್ಯೂಟರ್ ಮೇಡಂ ಪರದೆಯ ಮೇಲೆ ಒಂದರ ಮೇಲೊಂದು ಗುಡ್ಡ ಎಬ್ಬಿಸಿದರು. ಕೆಂಪು, ಹಸಿರು, ನೀಲಿ. ಒಂದೊಂದು ಯಂತ್ರಕ್ಕೆ ಒಂದೊಂದು ಬಣ್ಣ. ಯಾವ ಉದ್ದದ ಕಾಲುಚೀಲ ಹೆಚ್ಚು ಬಂದಿದೆಯೋ ಅಲ್ಲಿ ಗುಡ್ಡ ಎತ್ತರ.

ಯಂತ್ರಗಳಿಗೆ ಕೆಲಸಗಾರರು ಇಟ್ಟ ಹೆಸರು ಅತ್ತೆ, ಸೊಸೆ, ನಾದಿನಿ. ಗಿಡ್ಡ ಬರುತ್ತಿವೆಯೆಂದು ಅಂಗಡಿಯವರು ಮಾಲು ವಾಪಸು ಕಳಿಸಿದ್ದರು. ತಪ್ಪು ಯಾವ ಯಂತ್ರದ್ದೋ ಅದನ್ನೂ ನಡೆಸುವವರನ್ನೂ ಮನೆಗೆ ಕಳಿಸಿ ಎಂದಿದ್ದರು ಮಾಲೀಕರು. ಮ್ಯಾನೇಜರು ಅತ್ತೆಯ ಕಡೆ ಬೆರಳು ತೋರಿಸಿಯಾಗಿತ್ತು. ಅದು ಹಳೆಯದು. ನಡೆಸುವ ಅಕ್ಕನೂ ಹಳಬಳು, ಮನೆಗೆಲ್ಲ ದುಡಿಯುವವಳು ಅವಳೊಬ್ಬಳೇ.

“ಕೆಂಪು ಅತ್ತೆ ಸಾರ್. ಇರಬೇಕಾದ ಅಳತೇಲಿ ನೆಟ್ಟಗೆ ನಿಂತಿದೆ. ಹಸಿರು ಸೊಸೆ, ಅದೂ ಹಾಗೇ. ನೀಲಿ ನಾದಿನಿ. ಇದಕ್ಕೆ ನೋಡಿ, ಎರಡು ಗುಡ್ಡ. ಬೆಳಿಗ್ಗೆದು ಸರಿ ಇದೆ, ಊಟ ಆದ್ಮೇಲಿಂದು ಗಿಡ್ಡ,” ಎಂದು ಮೇಡಂ ಮ್ಯಾನೇಜರಿಗೆ ತೋರಿಸಿದರು.

ನಾದಿನಿಯನ್ನು ನಡೆಸುವವನು ಮ್ಯಾನೇಜರ ಭಾವಮೈದ. ಉಂಡವನು ನೂಲಿನ ಮೂಟೆಗೆ ಒರಗಿ ಗೊರಕೆ ಹೊಡೆಯುವುದು, ಇತ್ತ ನೂಲು ಬಿಗಿಯುತ್ತಾ ಹೋಗುವುದು ಅಲ್ಲಿನ ಗೋಡೆಗಳಿಗೂ ಗೊತ್ತು.

“ಮೂರನ್ನೂ ಒಂದೇ ಕಡೆ ತುರುಕಿದ್ರೆ ಜಗಳ ಆಗ್ದೆ ಇನ್ನೇನು ಮೇಡಂ? ಬೇರೆ ಬೇರೆ ಹಾಳೇಲಿ ಹಾಕಿ. ಆ ಎರಡನೇ ಗುಡ್ಡ ಸ್ವಲ್ಪ ಸವರಿಬಿಡಿ.”

“ಬೇರೆ ಹಾಕಿದ್ರೆ ಈ ಕಂಪ್ಯೂಟರ್ ಒಂದೊಂದನ್ನೂ ಹಾಳೆ ತುಂಬೋ ಹಾಗೆ ಎಳೆದುಬಿಡತ್ತೆ ಸಾರ್. ದಪ್ಪಂದೂ ಸಣ್ಣಂದೂ ಒಂದೇ ಥರ ಕಾಣತ್ತೆ.”

“ಕಾಣ್ಲಿ ಬಿಡ್ರೀ. ಮನೆ ಮರ್ಯಾದೆ ಪ್ರಶ್ನೆ.”

ಮರುದಿನ ಊಟವಾದ ಮೇಲೆ ಮಾಲೀಕರು ಬಂದರು. ಮೇಜಿನ ಮೇಲೆ ಮೂರು ಹಾಳೆ, ಒಂದೇ ಅಚ್ಚಿನಲ್ಲಿ ಹೊಯ್ದಂಥ ಮೂರು ಗುಡ್ಡ. ಅಕ್ಕ ಬಾಗಿಲಿಗೆ ಆತು ನಿಂತಿದ್ದಳು.

“ಇದ್ರಲ್ಲಿ ಕೆಟ್ಟಿರೋದು ಯಾವ್ದು?”

“ಅತ್ತೆ, ಸಾರ್,” ಎಂದರು ಮ್ಯಾನೇಜರು.

“ಮೂರೂ ಒಂದೇ ಥರ ಇದಾವಲ್ರೀ! ಅತ್ತೇನ ಮಾತ್ರ ಏನಂತ ಹೇಳಿ ಹೊರಗೆ ಹಾಕ್ಲಿ?”

ಮ್ಯಾನೇಜರು ಮೂರೂ ಹಾಳೆಗಳನ್ನು ತಿರುವಿ ತಿರುವಿ ನೋಡಿದರು. ಭಾವಮೈದನ ತಪ್ಪು ಮುಚ್ಚುವ ಭರದಲ್ಲಿ, ಅಕ್ಕನ ತಲೆಗೆ ಕಟ್ಟಲು ಒಂದು ತಪ್ಪೂ ಉಳಿಯದಂತೆ ಮಾಡಿಕೊಂಡಿದ್ದರು.

“ಯಜಮಾನ್ರೇ,” ಎಂದಳು ಅಕ್ಕ, “ಮೂವರನ್ನೂ ಎದುರುಬದುರು ಕೂರಿಸಿ ನೋಡಿ. ಒಬ್ಬೊಬ್ಬರನ್ನೇ ಕರೆದು ಕೇಳಿದ್ರೆ ಎಲ್ರೂ ಬಂಗಾರದಂಥೋರೇ.”

ಮೇಡಂಗೆ ಇನ್ನೊಮ್ಮೆ ಹೇಳಬೇಕಾಗಲಿಲ್ಲ. ನಿನ್ನೆಯ ಚಿತ್ರ ಪರದೆಗೆ ಬಂತು, ನೀಲಿಯ ಬೆನ್ನ ಮೇಲಿನ ಗೂನೂ ಬಂತು. ಮಾಲೀಕರು ಎದ್ದು ಯಂತ್ರಗಳ ಕಡೆ ನಡೆದರು. ಗೊರಕೆಯೇ ದಾರಿ ತೋರಿಸಿತು.

ಸೋಮವಾರ ಭಾವಮೈದ ಹೋದ. ಮಂಗಳವಾರ, ತಮ್ಮನ ಅನ್ನ ಕಿತ್ತುಕೊಂಡವರಿಗೆ ತಾನು ಬೇಯಿಸಿ ಹಾಕಲಾರೆನೆಂದು ಮ್ಯಾನೇಜರ ಹೆಂಡತಿ, ಕುಕ್ಕರನ್ನು ಕಂಕುಳಲ್ಲಿ ಇರುಕಿಕೊಂಡು, ತವರಿಗೆ ಹೋದಳು.